ಹುಂಜದ ತಪ್ಪು ಯಾರ ಖಾತೆಗೆ?

ನಾಯಿ ಕಚ್ಚಿತು ಎಂದರೆ ಕೇಳಿದವರ ಮುಖ ಗಂಭೀರವಾಗುತ್ತದೆ. ಎಲ್ಲಿ, ಯಾವಾಗ, ಯಾರ ಮನೆಯ ನಾಯಿ, ಇಂಜೆಕ್ಷನ್ ಆಯಿತೇ ಎಂಬ ಪ್ರಶ್ನೆಗಳು ಸಾಲಾಗಿ ಬರುತ್ತವೆ. ಹಸು ಹಾಯಿತು ಎಂದರೂ ಹಾಗೆಯೇ. ಹುಂಜ ಒದೆಯಿತು ಎಂದು ಹೇಳಿ ನೋಡಿ. ಕೇಳಿದವರು ಮೊದಲು ನಗುತ್ತಾರೆ, ಆಮೇಲೆ ಬೇಕಾದರೆ ಗಾಯ ಎಲ್ಲಿ ಎಂದು ವಿಚಾರಿಸುತ್ತಾರೆ. ನಮ್ಮ ಹುಂಜ ತುಳುವರಿಗೆ ಪುಂಜ, ಮಲಯಾಳಿಗಳಿಗೆ ಪೂವನ್. ಹೆಸರು ಮೂರಾದರೂ ನಗು ಒಂದೇ. ಗಡಿನಾಡಿನ ಭಾಷೆಗಳು ಇಷ್ಟು ಒಮ್ಮತದಿಂದ ವರ್ತಿಸುವ ಸಂದರ್ಭಗಳು ಬಹಳ ಇಲ್ಲ.

ಈ ನಗುವಿಗೆ ಕಾರಣ ಇಲ್ಲದಿಲ್ಲ. ಎರಡು ಮೂರು ಕಿಲೋ ತೂಗುವ ಒಂದು ಪಕ್ಷಿ, ನಾಳೆ ಭಾನುವಾರವಾದರೆ ಪದಾರ್ಥವಾಗಬಹುದಾದದ್ದು, ಮುಂಡು ಎತ್ತಿಕಟ್ಟಿದ ಐದೂವರೆ ಅಡಿಯ ಗಂಡಸನ್ನು ಅಂಗಳದಿಂದ ಗೇಟಿನ ತನಕ ಓಡಿಸಿಕೊಂಡು ಹೋದರೆ ನೋಡುವವರಿಗೆ ಅದು ಹಾಸ್ಯವೇ. ಓಡಿದವನೂ ಮಾನ ಉಳಿಸಿಕೊಳ್ಳಲು ನಗುತ್ತಾನೆ. ಮೀನಖಂಡದ ಮೇಲಿನ ಗಾಯವನ್ನು ಮುಂಡು ಇಳಿಬಿಟ್ಟು ಮುಚ್ಚುತ್ತಾನೆ. ಸ್ಕೂಟರಿನ ಚಕ್ರಕ್ಕೆ ಕೋಳಿ ಅಡ್ಡ ಬಂದು ಸವಾರ ಬಿದ್ದರೂ ಇದೇ ಕಥೆ. ಬಿದ್ದವನ ಮೊಣಕಾಲನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಸತ್ತ ಕೋಳಿಯ ಬೆಲೆ ಮಾತ್ರ ಅಲ್ಲೇ ನಿಂತು ತೀರ್ಮಾನವಾಗುತ್ತದೆ. ಅದು ಯಾವಾಗಲೂ ಮೊಟ್ಟೆ ಇಡುತ್ತಿದ್ದ ಕೋಳಿಯೇ ಆಗಿರುತ್ತದೆ ಎಂಬುದು ಬೇರೆ ಮಾತು.

ನಾನು ಬ್ಯಾಂಕಿನಲ್ಲಿ ಗುಮಾಸ್ತ. ಲೆಕ್ಕಕ್ಕೆ ಬಾರದ ಸಂಗತಿಗಳು ಎಲ್ಲಿ ಹೋಗುತ್ತವೆ ಎಂದು ಯೋಚಿಸುವುದು ನನ್ನ ಕಸುಬಿಗೆ ಅಂಟಿದ ಅಭ್ಯಾಸ. ನಕ್ಕು ಬಿಟ್ಟದ್ದು ಯಾವ ಖಾತೆಯಲ್ಲೂ ದಾಖಲಾಗುವುದಿಲ್ಲ. ದಾಖಲಾಗದಿರುವುದರಿಂದ ಅದು ಆಗಲೇ ಇಲ್ಲ ಎಂದು ನಾವು ತಿಳಿಯುತ್ತೇವೆ. ಈ ಲೇಖನದ ವಿಷಯ ಹುಂಜ ನಿಜ, ಆದರೆ ಕೇಳಬೇಕೆಂದಿರುವ ಪ್ರಶ್ನೆ ಇದು: ಬುದ್ಧಿಯಿಲ್ಲದ ಪ್ರಾಣಿಯೊಂದು ಮನುಷ್ಯನಿಗೆ ನೋವು ಮಾಡಿದಾಗ, ಅಥವಾ ಮಾಡುವುದರಲ್ಲಿದ್ದು ಕೂದಲೆಳೆಯಷ್ಟರಲ್ಲಿ ತಪ್ಪಿದಾಗ, ತಪ್ಪು ಎಂಬುದು ಎಲ್ಲಾದರೂ ಇದೆಯೇ? ಇದ್ದರೆ ಯಾರದು?

ಮೊದಲು ಹುಂಜವನ್ನೇ ನೋಡೋಣ. ಅದರ ದೊಡ್ಡ ಆಯುಧ ಕೊಕ್ಕಲ್ಲ, ಕಾಲು. ಕಾಲಿನ ಹಿಂಬದಿಯಲ್ಲಿ, ಪಾದಕ್ಕಿಂತ ತುಸು ಮೇಲೆ, ಕೊಂಬಿನಂಥ ಒಂದು ಮುಳ್ಳು ಬೆಳೆಯುತ್ತದೆ. ಒಳಗೆ ಎಲುಬು, ಹೊರಗೆ ನಮ್ಮ ಉಗುರಿನ ಜಾತಿಯದೇ ಗಟ್ಟಿ ಹೊದಿಕೆ. ಹುಂಜಕ್ಕೆ ವಯಸ್ಸಾದಂತೆ ಅದು ಉದ್ದವಾಗುತ್ತದೆ, ಬಾಗುತ್ತದೆ, ತುದಿ ಚೂಪಾಗುತ್ತದೆ. ಪ್ರಾಯಕ್ಕೆ ಬಂದ ಹುಂಜ ಮೇಲೆ ಬೀಳುವಾಗ ನೇರವಾಗಿ ಬರುವುದು ಕಡಿಮೆ. ಒಂದು ರೆಕ್ಕೆ ಇಳಿಸಿ ಓರೆಯಾಗಿ ಸುತ್ತುತ್ತದೆ, ನೆಲದಲ್ಲಿ ಏನೋ ಹೆಕ್ಕುವಂತೆ ತೋರಿಸುತ್ತದೆ, ನಾವು ಬೆನ್ನು ತಿರುಗಿಸಿದ ಕೂಡಲೇ ಎರಡೂ ಕಾಲು ಮುಂದೆ ಚಾಚಿ ಹಾರುತ್ತದೆ. ಅದು ಹಾರುವ ಎತ್ತರ ದೊಡ್ಡವರಿಗೆ ಮೀನಖಂಡ ಅಥವಾ ಮೊಣಕಾಲು. ಬಾಗಿದ ಮೂರು ವರ್ಷದ ಮಗುವಿಗೆ ಅದೇ ಎತ್ತರದಲ್ಲಿ ಮುಖವಿದೆ.

ಮುಳ್ಳು ಮಾಡುವ ಗಾಯ ಹೊರಗೆ ಸಣ್ಣದು, ರಕ್ತವೂ ಹೆಚ್ಚು ಬರುವುದಿಲ್ಲ. ಆದ್ದರಿಂದಲೇ ಅದನ್ನು ನಂಬಬಾರದು. ಅಂಗಳದ ಮಣ್ಣು, ಗೊಬ್ಬರ, ಹಿಕ್ಕೆ ಎಲ್ಲವೂ ಮುಳ್ಳಿನ ತುದಿಯಲ್ಲಿ ಒಳಗೆ ಹೋಗಿರುತ್ತವೆ. ಧನುರ್ವಾಯುವಿನ ರೋಗಾಣು ಇರುವುದು ಅಂಥ ಮಣ್ಣಿನಲ್ಲಿ, ಬೆಳೆಯುವುದು ಗಾಳಿಯಾಡದ ಅಂಥ ಆಳದ ಗಾಯದಲ್ಲಿ. ಹುಚ್ಚುನಾಯಿ ರೋಗದ ಭಯ ಇಲ್ಲಿಲ್ಲ, ಅದು ಸಸ್ತನಿಗಳ ರೋಗ. ಆದರೆ ಅರಸಿನ ಹುಡಿ ಒತ್ತಿ ಸುಮ್ಮನಾಗುವುದೂ ಸರಿಯಲ್ಲ. ಸೋಪು ಹಾಕಿ ತೊಳೆದು ಧನುರ್ವಾಯುವಿನ ಚುಚ್ಚುಮದ್ದು ಆಗಿದೆಯೇ ಎಂದು ನೋಡಬೇಕು. ಇನ್ನು ಮುದುಕರ ವಿಷಯ. ಅವರಿಗೆ ಮುಳ್ಳಿಗಿಂತ ಬೀಳುವುದೇ ದೊಡ್ಡ ಅಪಾಯ. ಆಟಿ ತಿಂಗಳ ಪಾಚಿಗಟ್ಟಿದ ಕಗ್ಗಲ್ಲಿನ ಮೆಟ್ಟಿಲಲ್ಲಿ ಹುಂಜಕ್ಕೆ ಹೆದರಿ ಒಂದು ಹೆಜ್ಜೆ ತಪ್ಪಿದರೆ ಸೊಂಟದ ಎಲುಬು ಹೋಯಿತು. ಆಸ್ಪತ್ರೆಯ ಚೀಟಿಯಲ್ಲಿ ಜಾರಿ ಬಿದ್ದದ್ದು ಎಂದು ಬರೆಯುತ್ತಾರೆ, ಹುಂಜದ ಹೆಸರು ಅಲ್ಲಿ ಬರುವುದಿಲ್ಲ.

ಕೊಕ್ಕನ್ನೂ ಪೂರ್ತಿ ಬಿಟ್ಟುಬಿಡುವಂತಿಲ್ಲ. ಆಸ್ಟ್ರೇಲಿಯಾದ ಅಡಿಲೇಡಿನ ವಿಧಿವಿಜ್ಞಾನ ತಜ್ಞರು 2019ರಲ್ಲಿ ಒಂದು ಪ್ರಕರಣವನ್ನು ಪ್ರಕಟಿಸಿದರು. 76 ವರ್ಷದ ಒಬ್ಬ ಹೆಂಗಸು ತನ್ನದೇ ಹಿತ್ತಿಲಲ್ಲಿ ಮೊಟ್ಟೆ ಹೆಕ್ಕುತ್ತಿದ್ದಾಗ ಹುಂಜ ಆಕೆಯ ಎಡಗಾಲಿಗೆ ಕುಕ್ಕಿತು. ಕಾಲಿನಲ್ಲಿ ಉಬ್ಬಿದ ರಕ್ತನಾಳಗಳಿದ್ದವು. ಒಂದು ನಾಳಕ್ಕೆ ತೂತು ಬಿದ್ದು ರಕ್ತ ಹರಿದು ಆಕೆ ತೀರಿಹೋದರು. ನಮ್ಮೂರಿನಲ್ಲಿ ಉಬ್ಬಿದ ನಾಳಗಳ ಕಾಲಿನ ಹೆಂಗಸರು ಕಡಿಮೆಯೇ? ಗದ್ದೆಯಲ್ಲಿ ನಿಂತವರು, ಬೀಡಿ ಕಟ್ಟುತ್ತ ಕಾಲು ಮಡಚಿ ಕೂತವರು, ಒಲೆಯ ಮುಂದೆ ನಿಂತವರು. ಆ ಸುದ್ದಿಯನ್ನು ಓದಿದಾಗ ನನಗೆ ನೆನಪಾದದ್ದು ಅಡಿಲೇಡಲ್ಲ, ನಮ್ಮ ಓಣಿ.

ನಮ್ಮ ಓಣಿಯಲ್ಲಿ ಒಬ್ಬರು ಅಜ್ಜಿ ಇದ್ದಾರೆ. ಗಂಡ ಇಲ್ಲ, ಮಗ ಮಂಗಳೂರಲ್ಲಿ. ಪಂಚಾಯತಿನ ಯೋಜನೆಯಲ್ಲಿ ಸಿಕ್ಕ ಮರಿಗಳಿಂದ ಶುರುಮಾಡಿ ಹತ್ತು ಹನ್ನೆರಡು ಹೇಂಟೆ, ಒಂದು ಹುಂಜ ಸಾಕಿಕೊಂಡಿದ್ದಾರೆ. ಮೊಟ್ಟೆ ಕೊಳ್ಳುವವರು ನಾವೇ ಓಣಿಯವರು. ಆ ಹುಂಜಕ್ಕೆ ಮಕ್ಕಳು ಇಟ್ಟ ಹೆಸರು ಎಸ್ಸೈ. ಗೇಟಿನ ಬಳಿ ಎದೆಯುಬ್ಬಿಸಿ ಗಸ್ತು ತಿರುಗುವ ಅದರ ಠೀವಿಗೆ ಹೆಸರು ಒಪ್ಪುತ್ತಿತ್ತು. ಮೊದಲು ಅದು ಹಾಲಿನ ಹುಡುಗನನ್ನು ಅಟ್ಟಿತು. ಓಣಿ ನಕ್ಕಿತು. ಆಮೇಲೆ ಕರೆಂಟಿನ ಮೀಟರ್ ನೋಡಲು ಬಂದವರನ್ನು ಅಟ್ಟಿತು, ಅವರ ಪ್ಯಾಂಟು ಹರಿಯಿತು, ಆ ಕಥೆ ಒಂದು ವಾರ ಓಡಿತು. ಮೂರನೆಯದಾಗಿ ಹತ್ತಿರದ ಮನೆಯ ಹೆಂಗಸಿನ ಕೈಯಿಂದ ಬಿಂದಿಗೆ ಬೀಳಿಸಿತು. ನಾಲ್ಕನೆಯದಾಗಿ, ಅಜ್ಜಿಯ ಮನೆಗೆ ಎದುರಿನ ಬಾಡಿಗೆ ಮನೆಯಲ್ಲಿದ್ದ ಮಲಯಾಳಿ ಕುಟುಂಬದ ಮೂರು ವರ್ಷದ ಹುಡುಗಿ ಮೊಟ್ಟೆಗೆಂದು ತಾಯಿಯ ಜೊತೆ ಹೋದವಳು ಅಂಗಳದಲ್ಲಿ ಒಂದು ಹೂವಿನ ಮರಿಯನ್ನು ಹಿಡಿಯಲು ಬಾಗಿದಳು. ಹೂವಿನ ಮರಿ ಎಂದರೆ ಕೋಳಿಮರಿಗೆ ಅವಳದೇ ಹೆಸರು. ಹುಂಜ ಹಾರಿತು. ಮುಳ್ಳು ತಾಗಿದ್ದು ಕೆನ್ನೆಯ ಎಲುಬಿನ ಮೇಲೆ, ಎಡಗಣ್ಣಿಗಿಂತ ಬೆರಳಗಲ ಕೆಳಗೆ. ಮೂರು ಹೊಲಿಗೆ ಬಿತ್ತು.

ಆ ಸಂಜೆ ಓಣಿಯ ಎಲ್ಲರ ಬಾಯಲ್ಲೂ ಒಂದೇ ಮಾತು: "ದೇವರು ದೊಡ್ಡವನು, ಕಣ್ಣಿಗೆ ತಾಗಲಿಲ್ಲ." ಅಜ್ಜಿಯೂ ಅದನ್ನೇ ಹೇಳಿದರು. ಜೊತೆಗೆ, "ಅದಕ್ಕೆ ಎಂತ ಗೊತ್ತುಂಟು ಮಗ, ಅದು ಕೋಳಿಯಲ್ವಾ?" ಎಂದರು.

ಅಜ್ಜಿಯ ಈ ಎರಡನೆಯ ಮಾತು ಪೂರ್ತಿ ಸತ್ಯ. ಹುಂಜಕ್ಕೆ ಗೊತ್ತಿರುವುದು ಒಂದೇ, ತನ್ನ ಹೇಂಟೆಗಳು ಮತ್ತು ಮರಿಗಳು. ಗಮನಿಸಿ ನೋಡಿದವರಿಗೆ ತಿಳಿದಿರುತ್ತದೆ: ಒಳ್ಳೆಯ ತುತ್ತು ಸಿಕ್ಕರೆ ಹುಂಜ ತಾನು ನುಂಗುವ ಮೊದಲು ಲೊಚಗುಟ್ಟಿ ಹೇಂಟೆಗಳನ್ನು ಕರೆಯುತ್ತದೆ. ಅವು ಮೇಯುವಾಗ ತಾನು ತಲೆಯೆತ್ತಿ ಒಂದು ಕಣ್ಣನ್ನು ಆಕಾಶಕ್ಕೆ ಇಟ್ಟಿರುತ್ತದೆ. ಗಿಡುಗ ಕಂಡರೆ ಒಂದು ಬಗೆಯ ಕೂಗು, ನೆಲದ ಮೇಲೆ ಮುಂಗುಸಿಯೋ ನಾಯಿಯೋ ಬಂದರೆ ಇನ್ನೊಂದು ಬಗೆಯ ಕೂಗು. ಕೇಳಿದ ಹೇಂಟೆಗಳು ಕೂಗಿಗೆ ತಕ್ಕಂತೆ ಪೊದೆಗೆ ಓಡುತ್ತವೆ ಇಲ್ಲವೇ ಕತ್ತು ನೀಟಿ ನಿಲ್ಲುತ್ತವೆ. ಮುಂಗುಸಿಯ ಎದುರು ಎದೆಗೊಟ್ಟು ನಿಂತ ಹುಂಜವನ್ನು ನಾವು ಶೂರ ಎನ್ನುತ್ತೇವೆ. ಮರಿಗೆ ಕೈಹಾಕಿದ ಮಗುವಿನ ಎದುರು ಅದೇ ಹುಂಜ ಅದೇ ಕೆಲಸ ಮಾಡಿದರೆ ದುಷ್ಟ ಎನ್ನುತ್ತೇವೆ. ಅದರ ಕಡೆಯಿಂದ ಎರಡೂ ಒಂದೇ ಕರ್ತವ್ಯ. ಗುಣದೋಷಗಳು ನಮ್ಮ ಕಡೆಯಿಂದ ಬಂದವು.

ಹಾಗಿದ್ದರೂ ಮನುಷ್ಯರು ಪ್ರಾಣಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ ಉದಾಹರಣೆಗಳಿವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ 1474ರಲ್ಲಿ ಒಂದು ಹುಂಜವನ್ನು ವಿಚಾರಣೆ ಮಾಡಿ ಸುಟ್ಟರು. ಅದರ ಮೇಲಿದ್ದ ಆರೋಪ ಮೊಟ್ಟೆ ಇಟ್ಟದ್ದು! ಹುಂಜದ ಮೊಟ್ಟೆಯಿಂದ ದೃಷ್ಟಿಯಿಂದಲೇ ಕೊಲ್ಲುವ ಸರ್ಪ ಹುಟ್ಟುತ್ತದೆ ಎಂಬ ನಂಬಿಕೆ ಅವರದು. ಗ್ರೀಕರ ಪ್ಲೇಟೊ ಕೂಡ ತನ್ನ ಕೊನೆಗಾಲದ ಗ್ರಂಥದಲ್ಲಿ, ಮನುಷ್ಯನನ್ನು ಕೊಂದ ಪ್ರಾಣಿಯನ್ನು ವಿಚಾರಣೆ ಮಾಡಿ ಕೊಂದು ರಾಜ್ಯದ ಗಡಿಯಾಚೆ ಎಸೆಯಬೇಕು ಎಂದು ವಿಧಿಸಿದ್ದಾನೆ. ಗಡಿಯಾಚೆ ಎಸೆದದ್ದು ಬೀಳುವುದು ಯಾರ ಅಂಗಳಕ್ಕೆ ಎಂದು ಗಡಿಯಲ್ಲಿರುವ ನಮ್ಮಂಥವರು ಕೇಳಬೇಕಾದೀತು.

ಇವೆಲ್ಲ ಹಳೆಯ ಕಾಲದ ಮೌಢ್ಯ ಎನ್ನುವಂತಿಲ್ಲ. 2021ರ ಫೆಬ್ರವರಿಯಲ್ಲಿ ತೆಲಂಗಾಣದ ಜಗಿತ್ಯಾಲ ಜಿಲ್ಲೆಯ ಒಂದು ಹಳ್ಳಿಯಲ್ಲಿ ಕೋಳಿ ಅಂಕಕ್ಕೆಂದು ಹುಂಜದ ಕಾಲಿಗೆ ಕತ್ತಿ ಕಟ್ಟಿದ್ದರು. ಹುಂಜ ಬಿಡಿಸಿಕೊಳ್ಳಲು ಒದ್ದಾಡಿದಾಗ ಕತ್ತಿ ಅದರ ಯಜಮಾನನ ತೊಡೆಸಂದಿಗೆ ತಾಗಿ, ರಕ್ತ ಹೋಗಿ, ಆಸ್ಪತ್ರೆ ಮುಟ್ಟುವ ಮೊದಲೇ ಆತ ತೀರಿಹೋದ. ಪೋಲೀಸರು ಹುಂಜವನ್ನು ಠಾಣೆಗೆ ತಂದು ಕಟ್ಟಿಹಾಕಿ ಕಾಳು ಹಾಕಿದರು. ಹುಂಜ ಬಂಧನದಲ್ಲಿ ಎಂದು ಪ್ರಪಂಚದ ಪತ್ರಿಕೆಗಳೆಲ್ಲ ನಕ್ಕವು. ಒಬ್ಬ ಮನುಷ್ಯ ಸತ್ತ ಸುದ್ದಿ ಹೀಗೆ ನಗೆಹನಿಯಾಗಿ ನಮ್ಮನ್ನು ತಲುಪಿತು. ಕೋರಿಕಟ್ಟದ ನಾಡಿನವರಾದ ನಮಗೆ ಬಾಳು ಕಟ್ಟಿದ ಹುಂಜವೆಂದರೆ ಏನು ಎಂದು ವಿವರಿಸಬೇಕಾಗಿಲ್ಲ. 1960ರ ಪ್ರಾಣಿಹಿಂಸೆ ತಡೆ ಕಾನೂನು ಇಂಥ ಕಾಳಗಗಳನ್ನು ಅಪರಾಧವೆಂದು ಹೇಳಿದೆ. ಆದರೂ ಎಲ್ಲೆಲ್ಲಿ ನಡೆಯುತ್ತದೆ ಎಂಬುದು ಪೋಲೀಸರಿಗಿಂತ ಮೊದಲು ಊರಿಗೆ ಗೊತ್ತಿರುತ್ತದೆ.

ಆ ಪ್ರಕರಣದಲ್ಲಿ ತಪ್ಪಿನ ಲೆಕ್ಕ ಕಷ್ಟವಿಲ್ಲ. ಕತ್ತಿಯನ್ನು ಹುಂಜ ಕಟ್ಟಿಕೊಳ್ಳಲಿಲ್ಲ, ಮನುಷ್ಯ ಕಟ್ಟಿದ. ಹಿತ್ತಿಲ ಹುಂಜದ ಮುಳ್ಳನ್ನು ಯಾರೂ ಕಟ್ಟಿದ್ದಲ್ಲ, ಅದು ತಾನಾಗಿ ಬೆಳೆದದ್ದು. ಕಟ್ಟಿದವರಿಲ್ಲ, ಕೊಲ್ಲಬೇಕೆಂದವರಿಲ್ಲ, ನೋಯಿಸಬೇಕೆಂದವರೂ ಇಲ್ಲ. ಹಾಗಾದರೆ ತಪ್ಪೇ ಇಲ್ಲವೇ?

ಇಲ್ಲಿ ನನಗೆ ಜನ್ನನ ನೆನಪಾಗುತ್ತದೆ. ಕನ್ನಡದಲ್ಲಿ ಕೋಳಿಯನ್ನು ಧರ್ಮದ ಪ್ರಶ್ನೆಯ ನಟ್ಟನಡುವೆ ನಿಲ್ಲಿಸಿದ ಕವಿ ಅವನು. 1209ರಲ್ಲಿ ಮುಗಿಸಿದ ಯಶೋಧರ ಚರಿತೆಯಲ್ಲಿ ರಾಜ ಯಶೋಧರ ಜೀವಂತ ಪ್ರಾಣಿಯನ್ನು ಬಲಿಕೊಡಲು ಒಪ್ಪದೆ, ತಾಯಿ ಚಂದ್ರಮತಿಯ ಒತ್ತಾಯಕ್ಕೆ ಹಿಟ್ಟಿನ ಹುಂಜವನ್ನು ಕಡಿಯುತ್ತಾನೆ. ರಕ್ತ ಹರಿಯಲಿಲ್ಲ, ಪ್ರಾಣ ಹೋಗಲಿಲ್ಲ, ಆದರೂ ಕಡಿಯಬೇಕೆಂಬ ಸಂಕಲ್ಪ ಇದ್ದದ್ದರಿಂದ ತಾಯಿ ಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ ಅನುಭವಿಸಬೇಕಾಯಿತು, ಕೊನೆಗೆ ಕೋಳಿಗಳಾಗಿಯೂ. ಅಲ್ಲಿ ಸಂಕಲ್ಪವಿದೆ, ಗಾಯವಿಲ್ಲ. ನಮ್ಮ ಓಣಿಯಲ್ಲಿ ಗಾಯವಿದೆ, ಸಂಕಲ್ಪವಿಲ್ಲ. ಸಂಕಲ್ಪವನ್ನೇ ಅಳತೆಗೋಲು ಮಾಡಿಕೊಂಡರೆ ಅಜ್ಜಿ ಶುದ್ಧ, ಹುಂಜ ಶುದ್ಧ, ಓಣಿಯೂ ಶುದ್ಧ. ಮಗುವಿನ ಕೆನ್ನೆಯ ಮೇಲೆ ಮಾತ್ರ ಮೂರು ಹೊಲಿಗೆ. ಸಂಕಲ್ಪವೊಂದೇ ಸಾಲದು ಎಂದು ನನಗೆ ಅನ್ನಿಸುವುದು ಇಲ್ಲಿಯೇ. ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ ಎಂಬುದು ಒಂದು ಮಾತು, ಮನಸ್ಸಿಗೆ ಗೊತ್ತಿತ್ತೇ ಎಂಬುದು ಇನ್ನೊಂದು.

ಗೊತ್ತಿತ್ತೇ ಎಂಬ ಈ ಪ್ರಶ್ನೆ ಬಹಳ ಹಿಂದಿನದು. ಯಹೂದ್ಯರ ಮತ್ತು ಕ್ರೈಸ್ತರ ಧರ್ಮಗ್ರಂಥದ ವಿಮೋಚನಕಾಂಡದಲ್ಲಿ ಹಾಯುವ ಎತ್ತಿನ ವಿಷಯ ಬರುತ್ತದೆ. ಎತ್ತು ಮನುಷ್ಯನನ್ನು ಹಾದು ಕೊಂದರೆ ಎತ್ತಿಗೆ ಸಾವು, ಯಜಮಾನ ನಿರ್ದೋಷಿ. ಆದರೆ ಆ ಎತ್ತು ಮೊದಲಿನಿಂದ ಹಾಯುವ ಎತ್ತಾಗಿದ್ದು, ಯಜಮಾನನಿಗೆ ಅದನ್ನು ತಿಳಿಸಿದ್ದೂ ಅವನು ಕಟ್ಟಿಹಾಕದಿದ್ದರೆ ಯಜಮಾನನೂ ಅಪರಾಧಿ. ಮೊದಲ ಹಾಯುವಿಕೆ ಮತ್ತು ಎರಡನೆಯ ಹಾಯುವಿಕೆಗಳ ನಡುವೆ ಎತ್ತು ಬದಲಾಗಿಲ್ಲ. ಬದಲಾದದ್ದು ಯಜಮಾನನಿಗೆ ಗೊತ್ತಿರುವುದು.

ಕೌಟಿಲ್ಯ ಬೇರೆ ಕಡೆಯಿಂದ ಬರುತ್ತಾನೆ. ಮೈಸೂರಿನ ಓರಿಯಂಟಲ್ ಲೈಬ್ರರಿಯಲ್ಲಿ ಆರ್. ಶಾಮಶಾಸ್ತ್ರಿಗಳು ತಾಳೆಗರಿಯಿಂದ ಬಿಡಿಸಿ 1909ರಲ್ಲಿ ಅಚ್ಚು ಹಾಕಿಸಿದ ಅರ್ಥಶಾಸ್ತ್ರದಲ್ಲಿ, ಕೊಂಬಿನ ಅಥವಾ ಕೋರೆಹಲ್ಲಿನ ಪ್ರಾಣಿ ಒಬ್ಬನನ್ನು ಹಿಂಸಿಸುತ್ತಿರುವಾಗ ಅದರ ಯಜಮಾನ ಬಿಡಿಸದೆ ಇದ್ದರೆ ದಂಡ ಎಂದಿದೆ. ಬಿಡಿಸು ಎಂದು ಕೂಗಿಕೊಂಡರೂ ಸುಮ್ಮನಿದ್ದರೆ ದಂಡ ಎರಡರಷ್ಟು. ಕೋಳಿಗೆ ಕೊಂಬೂ ಇಲ್ಲ, ಕೋರೆಯೂ ಇಲ್ಲ, ಆದರೆ ನ್ಯಾಯದ ದಾರಿ ಸ್ಪಷ್ಟವಿದೆ. ಇಲ್ಲೂ ದಂಡ ಪ್ರಾಣಿ ಹಾದದ್ದಕ್ಕಲ್ಲ, ಮನುಷ್ಯ ಸುಮ್ಮನಿದ್ದದ್ದಕ್ಕೆ. ಕೂಗು ಕಿವಿಗೆ ಬಿದ್ದ ಮೇಲೂ ಸುಮ್ಮನಿದ್ದದ್ದಕ್ಕೆ ಹೆಚ್ಚು.

ಈಗಿನ ಕಾನೂನಿಗೆ ಬಂದರೂ ಇದೇ. 1860ರ ದಂಡಸಂಹಿತೆಯ 289ನೆಯ ಸೆಕ್ಷನ್ 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 291ನೆಯ ಸೆಕ್ಷನ್ ಆಗಿದೆ. ತನ್ನ ವಶದಲ್ಲಿರುವ ಪ್ರಾಣಿಯಿಂದ ಮನುಷ್ಯನ ಪ್ರಾಣಕ್ಕೆ ಅಥವಾ ಘೋರ ಗಾಯಕ್ಕೆ ಸಂಭಾವ್ಯ ಅಪಾಯವಿದ್ದಾಗ ತಿಳಿದೂ ಅಥವಾ ಅಲಕ್ಷ್ಯದಿಂದ ತಕ್ಕ ಕ್ರಮ ತೆಗೆದುಕೊಳ್ಳದವನಿಗೆ ಆರು ತಿಂಗಳ ತನಕ ಸಜೆ, ಅಥವಾ 5000 ರೂಪಾಯಿ ತನಕ ದಂಡ, ಅಥವಾ ಎರಡೂ. ಹಿಂದೆ ದಂಡ 1000 ಇತ್ತು. ಒಂದು ಕಣ್ಣಿನ ದೃಷ್ಟಿ ಶಾಶ್ವತವಾಗಿ ಹೋಗುವುದು ಕಾನೂನಿನ ಭಾಷೆಯಲ್ಲಿ ಘೋರ ಗಾಯ. ಅಜ್ಜಿಯನ್ನು ಠಾಣೆಗೆ ಎಳೆಯಬೇಕೆಂದು ಇದನ್ನು ಹೇಳುತ್ತಿಲ್ಲ. ಹುಂಜದ ಕೇಸು ಹಿಡಿದು ಠಾಣೆಗೆ ಹೋದರೆ ಅಲ್ಲಿಯೂ ಮೊದಲು ನಗುವೇ ಸಿಗುತ್ತದೆ. ನಾನು ಗಮನಿಸಿದ್ದು ಬೇರೆ: ಆ ಸೆಕ್ಷನ್ನಿನಲ್ಲಿ ಗಾಯ ಆಗಲೇಬೇಕು ಎಂದಿಲ್ಲ. ಅಪಾಯ ಇದೆ ಎಂದು ತಿಳಿದು ಸುಮ್ಮನಿರುವುದೇ ಸಾಕು.

ಅಂದರೆ, ತಪ್ಪಿಹೋದ ಅಪಾಯಕ್ಕೂ ಲೆಕ್ಕ ಉಂಟು. ಇದು ನಮ್ಮ ಮನಸ್ಸಿಗೆ ಸುಲಭವಾಗಿ ಒಗ್ಗುವುದಿಲ್ಲ. ಮುಳ್ಳು ಬೆರಳಗಲ ಮೇಲೆ ತಾಗಿದ್ದರೆ ಓಣಿಯ ಮಾತೇ ಬೇರೆಯಾಗುತ್ತಿತ್ತು. ಎಂಥ ಹೆಂಗಸಪ್ಪ, ಇಂಥ ಹುಂಜವನ್ನು ಬಿಟ್ಟು ಸಾಕುವುದೇ ಎನ್ನುತ್ತಿದ್ದರು. ಬೆರಳಗಲ ಕೆಳಗೆ ತಾಗಿದ್ದರಿಂದ ದೇವರು ದೊಡ್ಡವನಾದ, ಅಜ್ಜಿ ಪಾಪದವರಾದರು. ಎರಡರಲ್ಲೂ ಅಜ್ಜಿ ಮಾಡಿದ್ದು, ಬಿಟ್ಟದ್ದು ಒಂದೇ. ಇಂಗ್ಲಿಷ್ ತತ್ತ್ವಜ್ಞಾನಿಗಳು ಇದಕ್ಕೆ ನೈತಿಕ ಅದೃಷ್ಟ ಎಂಬ ಅರ್ಥದ ಒಂದು ಹೆಸರು ಕೊಟ್ಟು 1976ರಿಂದ ಚರ್ಚಿಸುತ್ತಲೇ ಇದ್ದಾರೆ. ಅವರಿಗಿಂತ ಬಹಳ ಮೊದಲು, 1759ರಲ್ಲೇ, ಆಡಂ ಸ್ಮಿತ್ ಒಂದು ಉದಾಹರಣೆ ಕೊಟ್ಟಿದ್ದ. ಬೀದಿಯಲ್ಲಿ ಯಾರಿದ್ದಾರೆಂದು ನೋಡದೆ ಗೋಡೆಯ ಮೇಲಿಂದ ದೊಡ್ಡ ಕಲ್ಲೆಸೆದವನು, ಅದು ಯಾರಿಗೂ ತಾಗದಿದ್ದರೂ ಶಿಕ್ಷೆಗೆ ಅರ್ಹನೇ ಎಂದು. ಬ್ಯಾಂಕಿನವರಿಗೆ ಸ್ಮಿತ್ ಗೊತ್ತಿರುವುದು ಅರ್ಥಶಾಸ್ತ್ರದಿಂದ. ಅವನು ಮೊದಲು ಬರೆದದ್ದು ನೀತಿಯ ಪುಸ್ತಕ ಎಂಬುದನ್ನು ನಾವು ಬಿ.ಎ. ಪರೀಕ್ಷೆಗೆ ಓದಿ ಮರೆತಿರುತ್ತೇವೆ.

ನಮ್ಮ ಕೌಂಟರಿನ ಒಂದು ನಿಯಮ ಈ ಮಾತಿಗೆ ಹತ್ತಿರವಾದದ್ದು. ಸಂಜೆ ನಗದು ಎಣಿಸುವಾಗ ನೂರು ರೂಪಾಯಿ ಕಡಿಮೆ ಬಂದರೆ ಕ್ಯಾಷಿಯರನಿಗೆ ಚಿಂತೆ. ನೂರು ರೂಪಾಯಿ ಹೆಚ್ಚು ಬಂದರೆ ಹೊರಗಿನವರು ಸಂತೋಷ ಎಂದುಕೊಳ್ಳುತ್ತಾರೆ. ಒಳಗಿನವರಿಗೆ ಗೊತ್ತು, ಅದೂ ಚಿಂತೆಯೇ. ಹೆಚ್ಚು ಬಂದದ್ದನ್ನೂ ಪುಸ್ತಕದಲ್ಲಿ ಬರೆದು ಬೇರೆ ಖಾತೆಯಲ್ಲಿ ಇಟ್ಟು ಯಾರದೆಂದು ಹುಡುಕಬೇಕು. ಯಾಕೆಂದರೆ ಕಡಿಮೆ ಬರುವುದಕ್ಕೂ ಹೆಚ್ಚು ಬರುವುದಕ್ಕೂ ಕಾರಣ ಒಂದೇ, ಎಲ್ಲೋ ಒಂದು ಎಣಿಕೆ ತಪ್ಪಿದೆ. ಈ ಬಾರಿ ಅದು ನಮ್ಮ ಕಡೆಗೆ ವಾಲಿತು ಅಷ್ಟೆ. ಹಾಲಿನ ಹುಡುಗ ಓಡಿ ಪಾರಾದದ್ದು, ಮೀಟರಿನವರ ಪ್ಯಾಂಟು ಮಾತ್ರ ಹರಿದದ್ದು, ಬಿಂದಿಗೆ ಮಾತ್ರ ಬಿದ್ದದ್ದು, ಇವೆಲ್ಲ ಹೆಚ್ಚು ಬಂದ ನೂರು ರೂಪಾಯಿಗಳು. ದೇವರು ದೊಡ್ಡವನು ಎಂದು ನಾವು ಜೇಬಿಗೆ ಹಾಕಿಕೊಳ್ಳುವಂಥವು. ದೇವರು ದೊಡ್ಡವನು ಎಂಬುದರಲ್ಲಿ ನನಗೆ ತಕರಾರಿಲ್ಲ. ಆ ಮಾತು ಹೇಳಿದ ಮೇಲೆ ಪುಸ್ತಕ ಮುಚ್ಚುತ್ತೇವಲ್ಲ, ತಕರಾರು ಅದರಲ್ಲಿ.

ಇನ್ನೊಂದು ಮಾತು, ನಮ್ಮ ಎರಡು ಭಾಷೆಗಳ ನಡುವಿನದು. ಹೊಲಿಗೆ ಹಾಕಿಸಿ ಬಂದ ರಾತ್ರಿ ಅಜ್ಜಿ ಆ ಮನೆಯ ಜಗಲಿಯಲ್ಲಿ ನಿಂತು ಅತ್ತರು. ಹುಡುಗಿಯ ತಂದೆ, "ಸಾರಮಿಲ್ಲ ಅಮ್ಮಾ" ಎಂದ. ಮಲಯಾಳದಲ್ಲಿ ಇದಕ್ಕೆ ಪರವಾಗಿಲ್ಲ ಎಂದು ಅರ್ಥ. ಕನ್ನಡದ ಕಿವಿಗೆ ಅದು ಸಾರವಿಲ್ಲ ಎಂದು ಕೇಳುತ್ತದೆ, ಆದದ್ದರಲ್ಲಿ ಹುರುಳೇ ಇಲ್ಲ ಎಂಬಂತೆ. ಆ ಮಾತನ್ನು ಹೇಳುವ ಹಕ್ಕು ಅವನದು. ಮಗು ಅವನದು, ಬಾಡಿಗೆ ಮನೆ ಅವನದು, ನಾಳೆಯೂ ಅದೇ ಓಣಿಯಲ್ಲಿ ಮುಖ ನೋಡಬೇಕಾದವನು ಅವನು. ಅವನು ದೊಡ್ಡ ಮನಸ್ಸು ಮಾಡಿದ. ಆದರೆ ಮರುದಿನ ಓಣಿಯಲ್ಲಿ ಅದೇ ಮಾತು ಬೇರೆ ಬಾಯಿಗಳಲ್ಲಿ ಓಡಾಡಿತು. ಸಣ್ಣ ಗಾಯ, ಸಾರಮಿಲ್ಲ, ಅವರೇ ಹೇಳಿದರಂತೆ. ನೊಂದವರು ಕೊಟ್ಟ ಕ್ಷಮೆಯನ್ನು ನೋಯಿಸಿದವರ ಕಡೆಯವರು ತಮ್ಮ ರಸೀದಿ ಮಾಡಿಕೊಳ್ಳುವುದೆಂದರೆ ಇದು. ಪರವಾಗಿಲ್ಲ ಎಂದು ಮಗುವಿನ ಪರವಾಗಿ ಹೇಳಲು ಉಳಿದವರಿಗೆ ಯಾರು ಅಧಿಕಾರ ಕೊಟ್ಟರು? ಕ್ಷಮೆ ಸಿಕ್ಕಿತೆಂದರೆ ಮಾಡಬೇಕಾದ ಕೆಲಸ ಮುಗಿಯಿತು ಎಂದಲ್ಲ. ಸಾಲ ಮನ್ನಾ ಆದವನು ಮತ್ತೆ ಅದೇ ರೀತಿ ಸಾಲ ಮಾಡಬಹುದು ಎಂದು ಯಾವ ಬ್ಯಾಂಕೂ ಬರೆದುಕೊಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೆ ಅಜ್ಜಿಯ ಕಡೆಯಿಂದಲೂ ನೋಡಬೇಕು. ಕೊಂದುಬಿಡಿ, ಭಾನುವಾರಕ್ಕೆ ಆಯಿತು ಎಂದು ಮಗ ಫೋನಿನಲ್ಲಿ ಹೇಳಿದ. ಓಣಿಯ ಅಭಿಪ್ರಾಯವೂ ಅದೇ. ಇದು ಶಿಕ್ಷೆಯ ಹೆಸರಿನಲ್ಲಿ ಊಟ. ತಪ್ಪು ಮಾಡದ ಪ್ರಾಣಿಗೆ ತಪ್ಪು ಹೊರಿಸಿ ತಿಂದರೆ ಬಾಸೆಲಿನವರಿಗಿಂತ ನಾವು ಒಂದು ಹೆಜ್ಜೆ ಮುಂದೆ ಹೋದಂತೆ, ಅವರು ಸುಟ್ಟದ್ದನ್ನು ತಿಂದರೆಂದು ಎಲ್ಲೂ ಬರೆದಿಲ್ಲ. ಕೋಳಿ ತಿನ್ನುವುದು ಸರಿಯೇ ತಪ್ಪೇ ಎಂಬುದು ಬೇರೆ ಪ್ರಶ್ನೆ, ತಿನ್ನುವವರು ಹಸಿವಿಗೆ ತಿನ್ನಲಿ, ನ್ಯಾಯ ತೀರಿಸಿದೆವು ಎಂದುಕೊಳ್ಳುವುದು ಬೇಡ. ಅಲ್ಲದೆ ಆ ಹುಂಜ ಹೋದರೆ ಇನ್ನೊಂದು ಹುಂಜ ಬರುತ್ತದೆ, ಅದಕ್ಕೂ ಮುಳ್ಳು ಬೆಳೆಯುತ್ತದೆ.

ಅಜ್ಜಿ ಕೊಲ್ಲಲಿಲ್ಲ. ಒಂದು ಬೆಳಿಗ್ಗೆ ಹುಂಜವನ್ನು ಗೋಣಿಯಲ್ಲಿ ಹಾಕಿ, ತಲೆ ಮಾತ್ರ ಹೊರಗೆ ಬಿಟ್ಟು, ಮೃಗಾಸ್ಪತ್ರೆಗೆ ಒಯ್ದರು. ಮುಳ್ಳಿನ ಒಳಗೆ ಎಲುಬು, ರಕ್ತ ಇರುವುದರಿಂದ ಬುಡದಿಂದ ಕತ್ತರಿಸುವಂತಿಲ್ಲ. ತುದಿಯನ್ನು ಮಾತ್ರ ಕತ್ತರಿಸಿ ಅರದಿಂದ ತಿಕ್ಕಿ ಮೊಂಡು ಮಾಡಿ ಕೊಟ್ಟರು. ಅದು ಮತ್ತೆ ಬೆಳೆಯುತ್ತದೆ, ಆಗಾಗ ಮಾಡಿಸುತ್ತಿರಬೇಕು ಎಂದರಂತೆ. ಮನೆಯ ಹಿಂದೆ ಅಡಿಕೆ ಮರ ಸೀಳಿದ ಪಟ್ಟಿಗಳನ್ನು ನೆಟ್ಟು, ಕುಂಬಳೆ ಕಡೆಯಿಂದ ತರಿಸಿದ ಹಳೆಯ ಮೀನುಬಲೆ ಕಟ್ಟಿ ಒಂದು ಆವರಣ ಆಯಿತು. ಪಿಂಚಣಿಯ ದುಡ್ಡು ಅದಕ್ಕೇ ಹೋಯಿತು ಎಂದು ಅವರೇ ಹೇಳಿದರು. ಬೆಳಿಗ್ಗೆ ಮಕ್ಕಳು ಶಾಲೆಗೆ ಹೋಗುವ ತನಕ, ಸಂಜೆ ಅವರು ಬಂದು ಮನೆ ಸೇರುವ ತನಕ ಎಸ್ಸೈಗೆ ಅಲ್ಲೇ ವಾಸ. ಉಳಿದ ಹೊತ್ತು ಗೇಟಿಗೆ ಚಿಲಕ. ಮೊಟ್ಟೆಗೆ ಬಂದವರು ಹೊರಗಿನಿಂದ ಕರೆಯಬೇಕು. ಹುಡುಗಿಯ ತಾಯಿ ಸುಮಾರು ಒಂದು ತಿಂಗಳು ಅಂಗಡಿಯಿಂದ ಮೊಟ್ಟೆ ತಂದಳು. ಈಗ ಮತ್ತೆ ಗೇಟಿನ ಹೊರಗೆ ನಿಂತು "ಅಮ್ಮಮ್ಮೇ" ಎಂದು ಕರೆಯುತ್ತಾಳೆ, ಹುಡುಗಿಯನ್ನು ಮಾತ್ರ ಎತ್ತಿಕೊಂಡಿರುತ್ತಾಳೆ.

ಮಳೆಗಾಲ ಶುರುವಾಗುವ ಮೊದಲು ಅಜ್ಜಿಯ ಎರಡು ಹೇಂಟೆಗಳನ್ನು ಮುಂಗುಸಿ ಕೊಂಡೊಯ್ದಿತು. ಹೊತ್ತು ಬೆಳಿಗ್ಗೆ, ಹುಂಜ ಬಲೆಯ ಒಳಗಿತ್ತು. ಅದು ಕೂಗಿದ್ದನ್ನು ನಾನೂ ಕೇಳಿದ್ದೇನೆ, ಕೂಗುವುದಲ್ಲದೆ ಬೇರೆ ಏನು ಮಾಡಲೂ ಅದಕ್ಕೆ ದಾರಿಯಿರಲಿಲ್ಲ. ಎರಡೂ ಮೊಟ್ಟೆ ಇಡುತ್ತಿದ್ದವು, ಈ ಬಾರಿ ನಿಜವಾಗಿಯೂ. ಆ ವಿಷಯ ಎದುರು ಮನೆಯವರಿಗೆ ಹೇಳಿದಿರಾ ಎಂದು ಅಜ್ಜಿಯನ್ನು ಕೇಳಿದೆ.

"ಅವರಿಗೆ ಎಂತಕ್ಕೆ ಹೇಳುವುದು ಮಗ? ಹುಂಜ ನನ್ನದಲ್ವಾ" ಎಂದರು.